ಹಳೆಯ ಪಿಕಪ್‌ನ ಜೀರ್ಣೋದ್ಧಾರ: ಪೂಜೆ ನಿಲ್ಲದಂತೆ ಗುಡಿ ಕಟ್ಟುವ ಕ್ರಮ

ಮಲೆನಾಡಿನ ಹಳೆಯ ಕಾಫಿ ತೋಟಗಳಿಗೆ ಹೋದವರು ಎರಡು ಬಗೆಯ ಪಿಕಪ್‌ಗಳನ್ನು ನೋಡಿರುತ್ತಾರೆ. ಒಂದು, ಕೊನೆಯ ಬಾರಿ ನಿಲ್ಲಿಸಿದ ಜಾಗದಲ್ಲೇ ನಿಂತು, ಟೈರಿನ ಗಾಳಿ ಇಳಿದು, ಬಾನೆಟ್ಟಿನ ಮೇಲೆ ಬಳ್ಳಿ ಹಬ್ಬಿಸಿಕೊಂಡದ್ದು. ಇನ್ನೊಂದು, ಯಾರೋ ಉತ್ಸಾಹದಿಂದ ಬಿಚ್ಚಿ ಹಾಕಿದ್ದು: ಎಂಜಿನ್ ಹಳೆಯ ಟೈರಿನ ಮೇಲಿರುತ್ತದೆ, ಬಾಗಿಲುಗಳು ಕೊಟ್ಟಿಗೆಯ ಗೋಡೆಗೆ ಒರಗಿರುತ್ತವೆ, ಬೋಲ್ಟುಗಳೆಲ್ಲ ಒಂದೇ ಪೇಂಟ್ ಡಬ್ಬಿಯಲ್ಲಿ ತುಕ್ಕು ಹಿಡಿದು ಗಡ್ಡೆಯಾಗಿರುತ್ತವೆ. ಮೊದಲನೆಯದಕ್ಕೆ ಇನ್ನೂ ಆಸೆಯಿದೆ. ಎರಡನೆಯದು ಬಹುಮಟ್ಟಿಗೆ ಗುಜರಿಗೇ ಹೋಗುತ್ತದೆ, ಏಕೆಂದರೆ ಯಾವ ಭಾಗ ಎಲ್ಲಿಯದೆಂಬ ನೆನಪು ಬಿಚ್ಚಿದವರಿಗೆ ಮಾಸಿರುತ್ತದೆ, ಕೊಳ್ಳಲು ಬಂದವರಿಗೆ ಅದು ಗಾಡಿಯಾಗಿ ಕಾಣುವುದೇ ಇಲ್ಲ.

ಹಳೆಯ ಗಾಡಿಯನ್ನು ಮೊದಲಿನ ಸ್ಥಿತಿಗೆ ತರುವ ಕೆಲಸಕ್ಕೆ ಜೀರ್ಣೋದ್ಧಾರ ಎಂಬುದಕ್ಕಿಂತ ಒಪ್ಪುವ ಮಾತು ಕನ್ನಡದಲ್ಲಿಲ್ಲ. ದೇವಸ್ಥಾನದ ಜೀರ್ಣೋದ್ಧಾರ ಮಾಡುವವರು ಗರ್ಭಗುಡಿಗೆ ಕೈ ಹಾಕುವ ಮುನ್ನ ಪಕ್ಕದಲ್ಲೊಂದು ಬಾಲಾಲಯ ಕಟ್ಟಿ ದೇವರನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಕಲ್ಲು ಬಿಚ್ಚಿ ಜೋಡಿಸಲು ಎಷ್ಟು ವರ್ಷ ಹಿಡಿದರೂ ನಿತ್ಯಪೂಜೆ ನಿಲ್ಲುವುದಿಲ್ಲ, ಪೂಜೆ ನಿಲ್ಲದಿರುವುದರಿಂದ ಊರಿನವರೂ ಕೆಲಸವನ್ನು ಮರೆಯುವುದಿಲ್ಲ. ಪಿಕಪ್ ವಿಷಯದಲ್ಲೂ ನಾನು ಹೇಳುವುದು ಇದನ್ನೇ. ಗಾಡಿ ಆದಷ್ಟು ಕಾಲ ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು, ಅಂಗಳದಲ್ಲಾದರೂ ಓಡಾಡಬೇಕು, ಒಮ್ಮೆಗೆ ಒಂದೇ ಅಂಗ ಬಿಚ್ಚಿರಬೇಕು. ಉಳಿದ ಯೋಜನೆಯೆಲ್ಲ ಈ ನಿಯಮಕ್ಕೆ ಹೊಂದಿಕೊಂಡು ಬರುತ್ತದೆ. ಕ್ಯಾಬು, ಎಂಜಿನ್, ಚೌಕಟ್ಟು ಎಲ್ಲವನ್ನೂ ಮೊದಲ ತಿಂಗಳಲ್ಲೇ ಬೇರೆ ಬೇರೆ ಮಾಡುವ ವಿಧಾನ ದೊಡ್ಡ ವರ್ಕ್‌ಶಾಪಿಗೂ ಪೂರ್ಣಕಾಲದ ಕೆಲಸಗಾರರಿಗೂ ಸರಿ. ಭಾನುವಾರವೊಂದೇ ಕೈಯಲ್ಲಿರುವವರಿಗೆ ಅದು ಸೋಲಿನ ದಾರಿ.

ಉದಾಹರಣೆಗಾಗಿ ಮಹೀಂದ್ರದ ಜೀಪ್ ಮೂಲದ ಪಿಕಪ್ಪನ್ನೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ನಮ್ಮ ಕಡೆ ಹೆಚ್ಚಾಗಿ ಸಿಗುವುದು ಅದೇ. ಅಮೆರಿಕದ ವಿಲ್ಲಿಸ್ ಕಂಪನಿಯ ಜೀಪುಗಳನ್ನು ಮಹೀಂದ್ರದವರು ಮುಂಬಯಿಯಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಅಮೆರಿಕದಲ್ಲಿ 1953ರಲ್ಲಿ ಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ, ಅಲ್ಲಿ ನಿಂತ ಎಷ್ಟೋ ವರ್ಷಗಳ ನಂತರವೂ ಇಲ್ಲಿ ತಯಾರಾಗುತ್ತಲೇ ಇತ್ತು. ಬಾನೆಟ್ ಎತ್ತರವಾದದ್ದು ಅಂದಕ್ಕಲ್ಲ, ಒಳಗಿನ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ ಹಿಂದಿನದಕ್ಕಿಂತ ಎತ್ತರವಾಗಿದ್ದುದರಿಂದ. ಆ ಮೇಲೆ ಬಂದ ಗಾಡಿಗಳಲ್ಲಿ ಫ್ರಾನ್ಸಿನ ಪೂಜೋ ಕಂಪನಿಯ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ಸಾಮಾನ್ಯ. ಹೆಸರಿನಲ್ಲೇ ಲೆಕ್ಕವಿದೆ: 4 ಸಿಲಿಂಡರ್, 90 ಮಿಲಿಮೀಟರ್ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ. ಎಂಜಿನ್ನಿನ ಗಾತ್ರ ಒಟ್ಟು 2112 ಸಿಸಿ. ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂಬುದನ್ನು ನೋಡಿಕೊಳ್ಳುವುದು ಮೆಕ್ಯಾನಿಕ್ ಕೆಲಸಕ್ಕಿಂತ ಮೊದಲು ಕಾಗದದ ಕೆಲಸ.

ಸ್ಪ್ಯಾನರ್ ಹಿಡಿಯುವ ಮುನ್ನ ಆರ್‌ಟಿಒ

ಹಿಂದೆ ಡೀಸೆಲ್ ಅಗ್ಗವಾಗಿದ್ದಾಗ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ರೂಢಿಯಾಗಿತ್ತು. ಹಾಗೆ ಕೂರಿಸಿದವರಲ್ಲಿ ಎಷ್ಟೋ ಮಂದಿ ಅದನ್ನು ಆರ್‌ಸಿಯಲ್ಲಿ ಬರೆಸಲಿಲ್ಲ. ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ, ಎಂಜಿನ್ ಬದಲಿಸಲು ನೋಂದಣಿ ಅಧಿಕಾರಿಯ ಅನುಮತಿ ಬೇಕು. ಆದ್ದರಿಂದ ಆರ್‌ಟಿಒ ಕಚೇರಿಯಿಂದ ಮೊದಲು ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿ, ಅದರಲ್ಲಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಗಾಡಿಯ ಮೇಲಿರುವುದರೊಂದಿಗೆ ಅಕ್ಷರ ಅಕ್ಷರವಾಗಿ ತಾಳೆ ನೋಡಬೇಕು. ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಮುಂದೆ ತುಕ್ಕು ಕೆರೆಯುವ ಹುಡುಗ ಗ್ರೈಂಡರ್ ಹಿಡಿದು ಆ ಸಂಖ್ಯೆಯನ್ನೇ ಅಳಿಸಿಬಿಟ್ಟರೆ, ಎಷ್ಟು ಚೆಂದ ಬಣ್ಣ ಬಳಿದರೂ ಗಾಡಿ ರಸ್ತೆಗೆ ಇಳಿಯದು.

ಪಿಕಪ್ ಎಂದರೆ ಬಹುಪಾಲು ಸರಕು ಸಾಗಣೆಯ ವಾಹನ. ಅದಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಬೇಕು; ಖಾಸಗಿ ವಾಹನಕ್ಕಾದರೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿಯ ನವೀಕರಣ. ತೋಟದ ಬೇಲಿಯೊಳಗೇ ಓಡಿದ ಗಾಡಿಗೆ ಹತ್ತಾರು ವರ್ಷದ ತೆರಿಗೆ ಬಾಕಿ ಇರಬಹುದು, ಆರ್‌ಸಿ ತೀರಿಹೋದ ಹಿರಿಯರ ಹೆಸರಿನಲ್ಲೇ ಉಳಿದಿರಬಹುದು. ಈ ಬಾಕಿ ಎಷ್ಟೆಂದು ಗೊತ್ತಾಗುವ ತನಕ ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳಬಾರದು.

50 ವರ್ಷ ದಾಟಿದ ಗಾಡಿಗೆ ಇನ್ನೊಂದು ದಾರಿಯಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದಂತೆ ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ, ಹೊಸ ನೋಂದಣಿಗೆ ಆಗ ನಿಗದಿಯಾದ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಲ್ಲದೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆಯಂಥ ಕಾರಣಗಳಿಗಷ್ಟೇ ರಸ್ತೆಗೆ ತರಬಹುದು, ದಿನನಿತ್ಯ ಓಡಿಸುವಂತಿಲ್ಲ. ಅಂದರೆ ಗೊಬ್ಬರ ಹೊರುವ ಗಾಡಿ ಬೇಕೋ, ಮೆರವಣಿಗೆಯ ಗಾಡಿ ಬೇಕೋ ಎಂಬುದು ಮೊದಲ ದಿನವೇ ತೀರ್ಮಾನವಾಗಬೇಕು. ಆಸೆ ಎರಡಕ್ಕೂ ಇರುವುದು ಸಹಜ. ಖರ್ಚು ಮಾತ್ರ ಒಂದಕ್ಕೇ ಇರಲಿ. ನನ್ನ ಮಟ್ಟಿಗೆ, ಹೊರೆ ಹೊರಲು ಹುಟ್ಟಿದ ಗಾಡಿ ಹೊರೆ ಹೊರುತ್ತಿದ್ದರೇ ಚೆಂದ, ಬಣ್ಣದ ಮೇಲೆ ನಾಲ್ಕು ಗೀರು ಇದ್ದರೂ ಚಿಂತೆಯಿಲ್ಲ.

ಇರುವುದನ್ನು ಇರುವಂತೆ ನೋಡುವುದು

ಒಂದು ಶನಿವಾರ, ಭಾನುವಾರ ಪೂರ್ತಿ ಗಾಡಿಯನ್ನು ನೋಡುವುದಕ್ಕೇ ಮೀಸಲಿಡಿ. ನೀರು ಹೊಡೆದು ತೊಳೆದ ಮೇಲೆ ಸಣ್ಣ ಸುತ್ತಿಗೆ, ಚೂಪಾದ ಸ್ಕ್ರೂಡ್ರೈವರ್ ಹಿಡಿದು ಕೆಳಗಿನಿಂದ ಆರಂಭಿಸಬೇಕು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತಿಂದುಹೋದ ಕಬ್ಬಿಣ ದಪ್ ಎನ್ನುತ್ತದೆ. ಕ್ಯಾಬಿನ ನೆಲ, ಬ್ಯಾಟರಿ ಕೂರುವ ತಟ್ಟೆಯ ಅಡಿ, ಹಿಂದಿನ ತೊಟ್ಟಿಯ ಹಲಗೆಯ ಕೆಳಗೆ ಮಣ್ಣು ಕೂತ ಜಾಗ, ಲೀಫ್ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಕೊಂಡಿಗಳ ಸುತ್ತ, ಚೌಕಟ್ಟಿನ ಹಿಂದಿನ ಅಡ್ಡಪಟ್ಟಿ ಇವು ಮೊದಲು ಸಾಯುವ ಸ್ಥಳಗಳು. ಬಾಡಿಯ ತೂತಿಗೆ ತಗಡು ಹಾಕಿ ಬೆಸೆಯಬಹುದು. ಸ್ಪ್ರಿಂಗ್ ಕೊಂಡಿಯ ಬಳಿ ಚೌಕಟ್ಟೇ ತಿಂದುಹೋಗಿದ್ದರೆ, ಅಥವಾ ಹಿಂದೆಂದೋ ಮುರಿದು ವಕ್ರವಾಗಿ ಬೆಸೆದ ಗುರುತಿದ್ದರೆ, ಆ ಗಾಡಿಯನ್ನು ಬಿಟ್ಟು ಬೇರೆಯದನ್ನು ಹುಡುಕುವುದೇ ಮೇಲು.

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದು ದೊಡ್ಡ ತಪ್ಪು. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಅಥವಾ ಡೀಸೆಲ್ ಎಂಜಿನ್ನಿನ ಹೀಟರ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳುವಾದ ಎಣ್ಣೆ ಬಿಟ್ಟು, ಎರಡು ಮೂರು ದಿನ ಕಾದು, ಕ್ರ್ಯಾಂಕಿನ ಮುಂದಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಿದ ಮೇಲೆ ಕಂಪ್ರೆಶನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವುದು. ಇಲ್ಲಿ ಬರುವ ಅಂಕಿಗಿಂತ ನಾಲ್ಕು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಹೆಚ್ಚು ಮಾತಾಡುತ್ತದೆ: ಮೂರು ಸಮನಾಗಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ವಾಲ್ವಿನ ಕೆಲಸದಲ್ಲೇ ಮುಗಿಯಬಹುದು, ನಾಲ್ಕೂ ಕೆಳಗಿದ್ದರೆ ಎಂಜಿನ್ ಪೂರ್ತಿ ಬಿಚ್ಚುವ ಖರ್ಚನ್ನು ಈಗಲೇ ಬರೆದುಕೊಳ್ಳಿ. ಹಳೆಯ ಟ್ಯಾಂಕಿನ ಇಂಧನವನ್ನು ಎಂಜಿನ್ನಿಗೆ ಬಿಡಬಾರದು. ಪರೀಕ್ಷೆಗೆ ಹೊರಗಿನಿಂದ ಒಂದು ಸಣ್ಣ ಕ್ಯಾನ್ ಕಟ್ಟಿಕೊಂಡರೆ ಸಾಕು.

ಹಣದ ಲೆಕ್ಕ ಮತ್ತು ಕೆಲಸದ ಸರದಿ

ಲೆಕ್ಕದ ಪುಸ್ತಕದಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದು ಗಾಡಿ ನಿಲ್ಲುವುದಕ್ಕೂ ತಿರುಗುವುದಕ್ಕೂ ಬೇಕಾದುದು, ಅಂದರೆ ಬ್ರೇಕು, ಸ್ಟೀರಿಂಗ್, ಟೈರು, ಸ್ಪ್ರಿಂಗ್. ಎರಡನೆಯದು ಓಡುವುದಕ್ಕೆ ಬೇಕಾದುದು, ಅಂದರೆ ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ವೈರಿಂಗ್. ಮೂರನೆಯದು ನೋಡುವುದಕ್ಕೆ ಬೇಕಾದುದು. ಹಣ ಇದೇ ಕ್ರಮದಲ್ಲಿ ಖರ್ಚಾಗಬೇಕು. ಮೊದಲು ಬಣ್ಣ ಬಳಿಸಿ ನಂತರ ಎಂಜಿನ್ ಇಳಿಸಿದವರ ಬಾನೆಟ್ಟಿನ ಅಂಚುಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಮೂರೂ ಕಾಲಂಗಳ ಮೊತ್ತಕ್ಕೆ ಅದರ ಅರ್ಧದಷ್ಟನ್ನು ಸೇರಿಸಿ. ನನ್ನ ಅನುಭವದಲ್ಲಿ ಇದೇನೂ ಅತಿಯಲ್ಲ, ಏಕೆಂದರೆ ಹಳೆಯ ಗಾಡಿಯಲ್ಲಿ ಒಂದು ಬೋಲ್ಟ್ ಬಿಚ್ಚಲು ಹೋಗಿ ಅದು ಮುರಿದು, ಅದನ್ನು ತೆಗೆಯಲು ಲೇತಿಗೆ ಒಯ್ದು, ಅಲ್ಲಿ ಪಕ್ಕದ ಭಾಗವೂ ಸವೆದಿರುವುದು ಕಂಡು ಬರುವುದು ದಿನದ ಮಾತು.

ಟಿಂಕರಿಂಗ್ ಕೆಲಸವನ್ನು ಗುತ್ತಿಗೆಗೆ ಕೊಡುವುದಾದರೆ ಕ್ಯಾಬಿನ ನೆಲಕ್ಕೊಂದು ದರ, ತೊಟ್ಟಿಗೊಂದು ದರ ಎಂದು ತುಂಡು ತುಂಡಾಗಿ ಮಾತಾಡಿ, ಒಂದು ತುಂಡು ಮುಗಿದ ಮೇಲೆ ಅದರ ಹಣ ಕೊಡಿ. ನಾನು ಒಮ್ಮೆ ಒಬ್ಬ ಮೇಸ್ತ್ರಿಯವರಿಗೆ ಪೂರ್ತಿ ಮುಂಗಡ ಕೊಟ್ಟು ಎಂಟು ತಿಂಗಳು ಅವರ ಶೆಡ್ಡಿಗೆ ಅಲೆದಿದ್ದೇನೆ. ಅವರು ಕೆಟ್ಟವರೇನಲ್ಲ, ದಿನವೂ ಬರುವ ಗಿರಾಕಿಯ ಕೆಲಸ ಮುಂದೆ, ಮುಂಗಡ ಕೊಟ್ಟವರದು ಹಿಂದೆ, ಅಷ್ಟೇ.

ಇನ್ನು ಸರದಿ. ನಮ್ಮಲ್ಲಿ ಈ ಸರದಿಯನ್ನು ನಿರ್ಧರಿಸುವುದು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನಲ್ಲಿ ಬಣ್ಣದ ಕೆಲಸಕ್ಕೆ ಕೈ ಹಾಕಬಾರದು: ಗಾಳಿಯ ತೇವಕ್ಕೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟು ಬೆಳ್ಳಗೆ ಮಂಕಾಗುತ್ತದೆ, ಕೆರೆದ ತಗಡಿನ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಕೆಂಪು ಏರುತ್ತದೆ. ಪ್ರೈಮರ್ ಬಳಿದು ಮಳೆಗಾಲ ಕಳೆಯೋಣ ಎಂಬುದೂ ಮೋಸದ ಮಾತು. ಸಾಮಾನ್ಯ ಪ್ರೈಮರ್ ನೀರನ್ನು ಹೀರಿಕೊಳ್ಳುತ್ತದೆ, ತುಕ್ಕು ಅದರ ಅಡಿಯಲ್ಲೇ ಬೆಳೆಯುತ್ತದೆ. ಹಾಗಾಗಿ ಮಳೆಗಾಲವನ್ನು ಮೇಜಿನ ಮೇಲೆ ಮಾಡುವ ಕೆಲಸಕ್ಕೆ ಬಿಡಿ: ಸ್ಟಾರ್ಟರ್ ಮೋಟಾರ್, ಡೈನಮೊ, ಕಾರ್ಬ್ಯುರೇಟರ್, ವೈಪರ್, ಮೀಟರ್‌ಗಳು, ಬ್ರೇಕಿನ ವೀಲ್ ಸಿಲಿಂಡರ್‌ಗಳು. ಮಳೆ ನಿಂತ ಮೇಲೆ ಬ್ರೇಕು ಮತ್ತು ಚೌಕಟ್ಟು. ಡಿಸೆಂಬರ್ ಬಂದರೆ ಕಾಫಿ ಕೊಯ್ಲು. ಆಗ ಜನವೂ ಸಿಗುವುದಿಲ್ಲ, ಸಂಜೆಯೂ ಸಿಗುವುದಿಲ್ಲ, ಆ ಎರಡು ತಿಂಗಳನ್ನು ಯೋಜನೆಯಲ್ಲಿ ಖಾಲಿ ಬಿಟ್ಟುಬಿಡುವುದೇ ಪ್ರಾಮಾಣಿಕತೆ. ಫೆಬ್ರುವರಿ ಮತ್ತು ಮಾರ್ಚ್‌ನ ಒಣಹವೆ ವೆಲ್ಡಿಂಗ್‌ಗೆ, ಬಣ್ಣಕ್ಕೆ. ಒಂದು ಸಾಧಾರಣ ಪಿಕಪ್‌ಗೆ ಇಂಥ ಎರಡು ಸುತ್ತು, ಅಂದರೆ ಎರಡು ವರ್ಷ ಇಟ್ಟುಕೊಳ್ಳಿ. ಮುಂದಿನ ಆಯುಧ ಪೂಜೆಯೊಳಗೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವುದಕ್ಕಿಂತ, ಈ ಆಯುಧ ಪೂಜೆಗೆ ಗಾಡಿ ತನ್ನ ಶಕ್ತಿಯಿಂದಲೇ ಶೆಡ್ಡಿನಿಂದ ಅಂಗಳಕ್ಕೆ ಬರಬೇಕು, ಮುಂದಿನದಕ್ಕೆ ದೇವಸ್ಥಾನದ ತನಕ ಹೋಗಬೇಕು ಎಂದು ಗುರಿಯನ್ನು ಮೆಟ್ಟಿಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಬಣ್ಣವಿಲ್ಲದ ಬಾನೆಟ್ಟಿಗೂ ಕುಂಬಳಕಾಯಿ ಒಡೆಯಬಹುದು, ಚೆಂಡುಹೂವಿನ ಹಾರ ಹಾಕಬಹುದು.

ಹೊರಗೆ ಕೊಡುವ ಕೆಲಸಗಳನ್ನು ನೀವು ಬೇರೆ ಅಂಗದಲ್ಲಿ ತೊಡಗಿರುವಾಗಲೇ ಕಳಿಸಬೇಕು. ಡೀಸೆಲ್ ಪಂಪು ಟೆಸ್ಟ್ ಬೆಂಚಿಗೆ ಹೋದರೆ ವಾರಗಳು ಹಿಡಿಯಬಹುದು, ರೇಡಿಯೇಟರಿಗೂ ಸರದಿಯಿರುತ್ತದೆ. ಎಂಜಿನ್ ಬೋರಿಂಗ್, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲಿಸುವ ಕೆಲಸ, ಮಾಡಿಸುವಾಗ ಒಂದು ಮಾತನ್ನು ಮರೆಯಬಾರದು: ಮೊದಲು ಪಿಸ್ಟನ್ ಸೆಟ್ ಕೈಗೆ ಬರಬೇಕು, ಅದನ್ನು ಅಳೆದ ಮೇಲೆಯೇ ಬೋರ್ ಕೊರೆಯಬೇಕು. ಕೊರೆದಾದ ಮೇಲೆ ಆ ಅಳತೆಯ ಪಿಸ್ಟನ್ ಮಾರುಕಟ್ಟೆಯಲ್ಲಿಲ್ಲ ಎಂದು ತಿಳಿದರೆ ಒಂದು ಒಳ್ಳೆಯ ಬ್ಲಾಕ್ ಹಾಳಾದಂತೆ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯ ಸಾಮಾನಿಗೆ ಶಿವಾಜಿನಗರದ ಗುಜರಿ ಅಂಗಡಿಗಳು ಇದ್ದೇ ಇವೆ. ಹೋಗುವಾಗ ಸವೆದ ಹಳೆಯ ಭಾಗವನ್ನೇ ಚೀಲದಲ್ಲಿ ಒಯ್ಯಿರಿ, ಹೆಸರು ಹೇಳಿ ಕೊಂಡದ್ದು ಎಷ್ಟೋ ಸಲ ಕೂರುವುದಿಲ್ಲ.

ಬಿಚ್ಚುವಾಗಿನ ಶಿಸ್ತಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಬಿಚ್ಚುವ ಮೊದಲು, ನಡುವೆ, ಬಿಚ್ಚಿದ ಮೇಲೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಭಾಗ ಹೊರಬಂದ ಮೇಲೆ ಅದರ ಬೋಲ್ಟನ್ನು ಅದೇ ತೂತಿಗೆ ಮೂರು ಸುತ್ತು ತಿರುಗಿಸಿಡಿ, ಆಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಚೀಟಿ ಬರೆದು ಕಟ್ಟಿ. ಪೂಜೋ ಎಂಜಿನ್ ಇರುವ ಜೀಪ್ ಮೂಲದ ಗಾಡಿಗಳಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಬೋಲ್ಟುಗಳು ಮಿಲಿಮೀಟರ್ ಲೆಕ್ಕದವು, ಚೌಕಟ್ಟು ಮತ್ತು ಆಕ್ಸಲಿನವು ಇಂಚಿನ ಲೆಕ್ಕದವು. ನೋಡಲು ಒಂದೇ ಥರ ಇರುವ ಎರಡನ್ನು ಒಂದೇ ಡಬ್ಬಿಗೆ ಸುರಿದರೆ, ಆರು ತಿಂಗಳ ನಂತರ ತಪ್ಪು ಬೋಲ್ಟನ್ನು ಬಲವಂತವಾಗಿ ತಿರುಗಿಸಿ ಅದರ ಮರೆ (ಥ್ರೆಡ್) ಕೆಡಿಸುವುದು ಖಚಿತ. ಸ್ಪ್ಯಾನರ್ ಸೆಟ್ಟೂ ಎರಡು ಬೇಕು.

ಗಾಡಿಯ ಅಡಿಗೆ ಹೋಗುವಾಗ ಬರೀ ಜಾಕನ್ನು ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವವಿರುವುದರಿಂದ ಡ್ರಮ್ಮಿನೊಳಗಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಖಾಲಿ ಎಂದು ಕಾಣುವ ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಒಳಗುಳಿದ ಆವಿಯೇ ಸಿಡಿಯಲು ಸಾಕು.

ನಡುವಿನ ತಿಂಗಳುಗಳು

ಮೊದಲ ಎರಡು ತಿಂಗಳ ಉತ್ಸಾಹಕ್ಕೆ ಯಾರ ಸಲಹೆಯೂ ಬೇಡ. ಕೊನೆಯ ಎರಡು ತಿಂಗಳನ್ನು ಹೊಸ ಬಣ್ಣದ ವಾಸನೆಯೇ ಎಳೆದೊಯ್ಯುತ್ತದೆ. ಕಷ್ಟವಿರುವುದು ನಡುವೆ: ಮೂರು ಭಾನುವಾರ ದುಡಿದರೂ ಗಾಡಿ ನೋಡಲು ಹಾಗೇ ಇರುತ್ತದೆ, ಖರ್ಚಿನ ಕಾಲಂ ಮಾತ್ರ ಉದ್ದವಾಗುತ್ತದೆ, ಮನೆಯವರು ಕೇಳುವುದನ್ನು ನಿಲ್ಲಿಸುತ್ತಾರೆ. ಕೇಳುವುದನ್ನು ನಿಲ್ಲಿಸಿದ್ದೇ ಅಪಾಯದ ಗುರುತು.

ಈ ಕಾಲಕ್ಕೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಅಭ್ಯಾಸ. ಕೆಲಸ ಮುಗಿಸಿ ಕೈ ತೊಳೆಯುವ ಮೊದಲು, ಮುಂದಿನ ಸಲ ಮಾಡಬೇಕಾದ ಮೊದಲ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿನಲ್ಲಿ ಬರೆದು, ಅದಕ್ಕೆ ಬೇಕಾದ ಸ್ಪ್ಯಾನರನ್ನು ಅದರ ಮೇಲಿಟ್ಟು ಹೋಗುವುದು. ‘ಬ್ರೇಕ್ ನೋಡಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಎಡಹಿಂದಿನ ವೀಲ್ ಸಿಲಿಂಡರಿನ ಎರಡು ಬೋಲ್ಟ್ ಬಿಚ್ಚುವುದು’ ಎಂದು ಬರೆಯಬೇಕು. ದಣಿದ ಸಂಜೆ ಶೆಡ್ಡಿಗೆ ಹೋದಾಗ ಏನು ಮಾಡಲಿ ಎಂದು ಯೋಚಿಸುತ್ತ ನಿಂತರೆ ಹತ್ತು ನಿಮಿಷದಲ್ಲಿ ವಾಪಸು ಬರುತ್ತೇವೆ. ಎರಡು ಬೋಲ್ಟಿನ ಕೆಲಸವೆಂದು ಗೊತ್ತಿದ್ದರೆ ಬಿಚ್ಚುತ್ತೇವೆ, ಬಿಚ್ಚಿದ ಮೇಲೆ ಮೂರನೆಯದಕ್ಕೂ ಕೈ ಹೋಗುತ್ತದೆ. ವಾರಕ್ಕೊಂದು ಗೊತ್ತಾದ ಹೊತ್ತು, ಒಂದು ಗಂಟೆಯೇ ಆದರೂ, ತಪ್ಪದಿರಲಿ. ತಿಂಗಳಿಗೊಮ್ಮೆ ಇಡೀ ದಿನ ಕೆಲಸ ಮಾಡುವವರು ಅರ್ಧ ದಿನವನ್ನು ಎಲ್ಲಿ ನಿಲ್ಲಿಸಿದ್ದೆವೆಂದು ನೆನಪಿಸಿಕೊಳ್ಳುವುದರಲ್ಲೇ ಕಳೆಯುತ್ತಾರೆ.

ತಾನಾಗಿ ಸಾಗುವ ಕೆಲಸವೊಂದು ಯಾವಾಗಲೂ ನಡೆಯುತ್ತಿರಲಿ. ತುಕ್ಕು ಹಿಡಿದ ಸಣ್ಣ ಕಬ್ಬಿಣದ ಭಾಗಗಳನ್ನು ಒಂದು ಪಾಲು ಕಾಕಂಬಿ (ಮೊಲಾಸಿಸ್), ಒಂಬತ್ತು ಪಾಲು ನೀರಿನ ಡ್ರಮ್ಮಿನಲ್ಲಿ ಎರಡು ಮೂರು ವಾರ ಮುಳುಗಿಸಿಟ್ಟರೆ ಬರಿಯ ಲೋಹ ಹೊರಬರುತ್ತದೆ. ಕಬ್ಬಿನ ಸೀಮೆಯವರಿಗೆ ಕಾಕಂಬಿ ಹೊಸದೇನಲ್ಲ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬಾರದು, ಕರಗಿಹೋಗುತ್ತವೆ. ವಾಸನೆಯೂ ಜೋರು, ಡ್ರಮ್ ಮನೆಯಿಂದ ದೂರವಿರಲಿ. ನಿಮಗೆ ಬಿಡುವಾಗದ ವಾರದಲ್ಲೂ ಡ್ರಮ್ಮಿನಲ್ಲಿ ಕೆಲಸ ನಡೆದಿರುತ್ತದೆ, ಹೊರತೆಗೆದು ತೊಳೆದು ಎಣ್ಣೆ ಸವರುವಾಗ ಕೈಗೆ ಒಂದು ಹೊಸ ಕೊಂಡಿ ಸಿಕ್ಕಿರುತ್ತದೆ.

ಮುಗಿದ ಭಾಗಗಳನ್ನು ಕಣ್ಣಿಗೆ ಕಾಣುವಂತೆ ಇಡಬೇಕು. ಬಣ್ಣ ಬಳಿದ ಹೆಡ್‌ಲೈಟ್ ಬಟ್ಟಲು, ತಿರುಗುವ ವೈಪರ್ ಮೋಟಾರ್, ಇವನ್ನೆಲ್ಲ ಪೆಟ್ಟಿಗೆಯಲ್ಲಿ ಮುಚ್ಚಿಡದೆ ಒಂದು ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಧೂಳು ಬೀಳದಂತೆ ಪ್ಲಾಸ್ಟಿಕ್ ಹೊದೆಸಿ. ಸರದಿಯಲ್ಲಿ ಹಿಂದಿದ್ದರೂ ಹಾರ್ನ್ ಒಂದನ್ನು ಬೇಗ ಸರಿಮಾಡಿ ಎಂದು ಹೇಳುತ್ತೇನೆ. ಇದಕ್ಕೆ ತಾಂತ್ರಿಕ ಕಾರಣವಿಲ್ಲ. ಮಕ್ಕಳು ಬಂದು ಒತ್ತುತ್ತಾರೆ, ಒತ್ತಿದ ಮೇಲೆ ಸ್ಯಾಂಡ್‌ಪೇಪರ್ ಹಿಡಿಯಲೂ ಒಪ್ಪುತ್ತಾರೆ. ಹಾಗೆಯೇ, ಆ ಗಾಡಿಯನ್ನು ಓಡಿಸಿದ ಹಳೆಯ ಡ್ರೈವರ್ ಇನ್ನೂ ಊರಿನಲ್ಲಿದ್ದರೆ ಅವರನ್ನು ಕರೆತಂದು ಕುರ್ಚಿ ಹಾಕಿ ಕೂರಿಸಿ. ಎರಡನೇ ಗೇರು ಯಾಕೆ ಹಾರುತ್ತದೆ, ಡೀಸೆಲ್ ಪೈಪು ಎಲ್ಲಿ ಗಾಳಿ ಎಳೆಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ನಮ್ಮ ಗಾಡಿಯ ಟ್ಯಾಂಕಿನಲ್ಲಿ ಸಿಕ್ಕ ಮರದ ಬಿರಡೆಯ ಕಥೆ ಹಾಗೆಯೇ ತಿಳಿದದ್ದು. ಅದನ್ನು ಹೊಡೆದವರು ಅವರೇ, ಘಾಟಿಯ ನಡುವೆ, ರಾತ್ರಿಯಲ್ಲಿ.

ವಿಡಿಯೋಗಳಲ್ಲಿ ಕಾಣುವ ಜೀರ್ಣೋದ್ಧಾರಗಳೊಂದಿಗೆ ಹೋಲಿಸಿಕೊಳ್ಳಬೇಡಿ. ಇಪ್ಪತ್ತು ನಿಮಿಷದ ಆ ಚಿತ್ರದ ಹಿಂದೆ ಎಷ್ಟು ಜನರ ಎಷ್ಟು ತಿಂಗಳಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ನಿಲ್ಲಿಸಲೇಬೇಕಾದ ಸಂದರ್ಭವೂ ಬರುತ್ತದೆ. ಬೆಲೆ ಕುಸಿದ ವರ್ಷ, ಮನೆಯಲ್ಲಿ ಮದುವೆ, ಕಾಯಿಲೆ. ಆಗ ಹೇಗೆ ಬೇಕೋ ಹಾಗೆ ಬಿಟ್ಟು ಹೋಗದೆ, ಎರಡು ದಿನ ತೆಗೆದುಕೊಂಡು ಸರಿಯಾಗಿ ನಿಲ್ಲಿಸಬೇಕು. ಬಿಚ್ಚಿದ ಅಂಗವನ್ನು ಅಪೂರ್ಣವಾದರೂ ಮರಳಿ ಜೋಡಿಸಿ, ಬರಿಯ ಲೋಹಕ್ಕೆ ಗ್ರೀಸ್ ಬಳಿದು, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಬ್ಯಾಟರಿ ತೆಗೆದು, ಟೈರಿನ ಭಾರ ಇಳಿಸಿ, ಇಲಿ ಹೋಗುವ ತೂತುಗಳನ್ನು ಮುಚ್ಚಿ, ನೋಟ್‌ಬುಕ್ಕಿನ ಕೊನೆಯ ಸಾಲು ಬರೆದಿಡಿ. ಒಮ್ಮೆಗೆ ಒಂದೇ ಅಂಗ ಬಿಚ್ಚಿದ್ದರೆ ಇದು ಎರಡೇ ದಿನದ ಕೆಲಸ. ಹಾಗೆ ನಿಲ್ಲಿಸಿದ ಗಾಡಿ ಮಾರುವ ಪ್ರಸಂಗ ಬಂದರೂ ಗಾಡಿಯಾಗಿಯೇ ಮಾರಾಟವಾಗುತ್ತದೆ, ಕಿಲೋ ಲೆಕ್ಕದಲ್ಲಿ ಅಲ್ಲ.

ಎಲ್ಲ ಮುಗಿದು ರಸ್ತೆಗೆ ಇಳಿಯುವ ದಿನ ದೂರದ ಊರಿಗೆ ಹೊರಡಬೇಡಿ. ಮೊದಲ ದಿನ ಮನೆಯಿಂದ ನಡೆದು ಬರಬಹುದಾದಷ್ಟೇ ದೂರ. ಜೊತೆಗೆ ನೀರು, ಎಣ್ಣೆ, ಹಗ್ಗ, ಒಂದು ಟಾರ್ಚ್. ಮೊದಲ 50 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನೂ ಲೀಫ್ ಸ್ಪ್ರಿಂಗ್ ಹಿಡಿದ ಯು-ಬೋಲ್ಟುಗಳನ್ನೂ ಮತ್ತೆ ಬಿಗಿ ಮಾಡಬೇಕು, ಹೊಸದಾಗಿ ಕಟ್ಟಿದ ಎಂಜಿನ್ನಾದರೆ 500 ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು. ಹೊಸ ಬ್ರೇಕ್ ಲೈನಿಂಗ್ ಡ್ರಮ್ಮಿಗೆ ಹೊಂದಿಕೊಳ್ಳುವ ತನಕ ಹಿಡಿತ ಕಡಿಮೆಯಿರುತ್ತದೆ, ಆ ತನಕ ತೊಟ್ಟಿಗೆ ಹೊರೆ ಹಾಕಿ ಘಾಟಿ ಇಳಿಯಬಾರದು. ರಾತ್ರಿ ನಿಲ್ಲಿಸುವಾಗ ಗಾಡಿಯ ಅಡಿಗೆ ಒಂದು ಹಳೆಯ ರಟ್ಟು ಹಾಸಿಡಿ. ಬೆಳಿಗ್ಗೆ ಎದ್ದು ರಟ್ಟಿನ ಮೇಲಿನ ಕಲೆ ಎಲ್ಲಿದೆ, ಅದು ಎಂಜಿನ್ ಆಯಿಲೋ ಗೇರ್ ಆಯಿಲೋ ಬ್ರೇಕ್ ಆಯಿಲೋ ಎಂದು ನೋಡಿ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದುಕೊಳ್ಳಿ.